ಹದಿನಾರು ಸೆಂಟಿಮೀಟರ್ ಮಣ್ಣು

ಬೂದಿಯ ಗೆರೆ ಇರಲಿಲ್ಲ.

ಡಾಕ್ಟರ್ ಹರಿಣಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ದೀಪವನ್ನು ಹತ್ತಿರಕ್ಕೆ ಎಳೆದರು. ಮೇಜಿನ ಮೇಲೆ ಉದ್ದಕ್ಕೆ ಸೀಳಿದ ಪ್ಲಾಸ್ಟಿಕ್ ಕೊಳವೆ. ಅದರೊಳಗೆ ಒಂದು ಮೀಟರ್ ಕಪ್ಪು ಮಣ್ಣು. ಐಸ್‌ಲ್ಯಾಂಡಿನ ಒಂದು ಜೌಗು ನೆಲದಿಂದ ಕೊರೆದು ತಂದದ್ದು. ಅದರ ನಡುಮಧ್ಯದಲ್ಲಿ ಉಗುರಿನಷ್ಟು ದಪ್ಪದ ಒಂದು ತಿಳಿ ಗೆರೆ ಇರಬೇಕಿತ್ತು. ಸಾವಿರದ ನೂರೈವತ್ತು ವರ್ಷಗಳ ಹಿಂದೆ ಜ್ವಾಲಾಮುಖಿ ಉಗುಳಿದ ಬೂದಿ. ಸೆಪ್ಟೆಂಬರಿನಲ್ಲಿ ಅವರೇ ಅದರ ಫೋಟೊ ತೆಗೆದಿದ್ದರು.

ಸೂಜಿಯಿಂದ ಮೆಲ್ಲನೆ ಕೆದಕಿದರು. ನಲವತ್ತನೆಯ ಸೆಂಟಿಮೀಟರಿನಿಂದ ಐವತ್ತಾರರವರೆಗೆ ಮಣ್ಣು ಸಡಿಲವಾಗಿತ್ತು. ಯಾರೋ ಹದಿನಾರು ಸೆಂಟಿಮೀಟರ್ ಮಣ್ಣನ್ನು ತೆಗೆದು, ಬೇರೆ ಮಣ್ಣನ್ನು ನೀರು ಹಾಕಿ ಕಲಸಿ ಒತ್ತಿ ತುಂಬಿದ್ದರು.

ಅವರು ಭದ್ರತಾ ಅಧಿಕಾರಿಯನ್ನು ಕರೆಸಿದರು.

ಅಯ್ಯಣ್ಣ ಕೊಡಗಿನವರು. ಇಪ್ಪತ್ತೆಂಟು ವರ್ಷ ಸೇನೆಯಲ್ಲಿದ್ದು ಸುಬೇದಾರರಾಗಿ ನಿವೃತ್ತರಾದವರು. ದಿಲ್ಲಿ ಹತ್ತಿರದ ಮಾನೇಸರಿನ ಈ ಸಂಶೋಧನಾ ಸಂಸ್ಥೆಗೆ ಬಂದು ಆರು ವರ್ಷವಾಗಿತ್ತು. ಮಗಳು ಜೀವಿತಾ ಒಂದೂವರೆ ವರ್ಷದಿಂದ ಹರಿಣಿಯವರ ಸಹಾಯಕಿ. ಅಪ್ಪ ಮಗಳು ಇಬ್ಬರೂ ದಿಲ್ಲಿಯ ರೋಹಿಣಿ ಬಡಾವಣೆಯ ಮನೆಯಿಂದ ಒಂದೇ ಆಫೀಸ್ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು.

"ಕಳ್ಳತನ ಆಗಿದೆ ಅಯ್ಯಣ್ಣನವರೇ," ಎಂದರು ಹರಿಣಿ.

"ಏನು ಹೋಯಿತು ಮೇಡಂ?"

"ಮಣ್ಣು."

ಅಯ್ಯಣ್ಣ ಮುಖ ನೋಡಿದರು. ತಮಾಷೆಯಾಗಿರಲಿಲ್ಲ.

ಹರಿಣಿ ನಿಧಾನವಾಗಿ ವಿವರಿಸಿದರು. ಬೂದಿಯ ಗೆರೆಯ ಕೆಳಗಿನ ಮಣ್ಣಿನಲ್ಲಿ ಬರ್ಚ್ ಎಂಬ ಮರದ ಪರಾಗ ತುಂಬಿರುತ್ತದೆ. ಆಗ ಅಲ್ಲಿ ಕಾಡಿತ್ತು, ಮನುಷ್ಯರಿರಲಿಲ್ಲ. ಗೆರೆಯ ಆಸುಪಾಸಿನಲ್ಲಿಯೇ ನಾರ್ವೆಯ ಕಡೆಯ ರೈತರು ದೋಣಿಗಳಲ್ಲಿ ಬಂದಿಳಿದರು. ಅಲ್ಲಿಂದ ಮೇಲಕ್ಕೆ ಬರ್ಚ್ ಕಡಿಮೆಯಾಗುತ್ತ ಬರುತ್ತದೆ. ಇದ್ದಿಲ ಕಣ ಕಾಣುತ್ತದೆ, ಹುಲ್ಲಿನ ಪರಾಗ ಏರುತ್ತದೆ, ಸಗಣಿ ಹಿಕ್ಕೆಗಳ ಮೇಲೆ ಬೆಳೆಯುವ ಬೂಷ್ಟಿನ ಕಣಗಳೂ ಸಿಗುತ್ತವೆ. ಕಾಡು ಕಡಿದು, ಸುಟ್ಟು, ದನ ಕುರಿ ಬಿಟ್ಟ ಕಥೆಯೆಲ್ಲ ಆ ಹದಿನಾರು ಸೆಂಟಿಮೀಟರಿನಲ್ಲಿತ್ತು.

"ಹಂದಿ ಸಾಕಿದ್ದರಾ?" ಅಯ್ಯಣ್ಣ ಕೇಳಿದರು. ಅವರದು ಬೇಸಾಯದ ಮನೆ.

"ಮೊದಮೊದಲು ಹಂದಿ, ಮೇಕೆ ಎರಡೂ ಇದ್ದವು. ಆಮೇಲೆ ಕುರಿಯೇ ಜಾಸ್ತಿ."

"ಹಂದಿ ಬಿಟ್ಟ ಕಡೆ ಸಸಿ ಏಳೋದಿಲ್ಲ ಮೇಡಂ."

"ಏಳಲಿಲ್ಲ. ಅಲ್ಲಿನ ಮಣ್ಣು ಹಗುರ. ಬೇರು ಹಿಡಿದಿರೋವರೆಗೆ ಕೂತಿರುತ್ತೆ, ಬೇರು ಹೋದರೆ ಗಾಳಿಗೆ ಎದ್ದು ಹೋಗುತ್ತೆ. ನೋಡೋಕೆ ಆ ರೈತರ ನಾರ್ವೆಯ ಊರಿನ ಹಾಗೇ ಹಸಿರಾಗಿತ್ತು. ಊರಲ್ಲಿ ಮಾಡಿದ ಹಾಗೇ ಐಸ್‌ಲ್ಯಾಂಡಿನಲ್ಲೂ ಮಾಡಿದರು. ಹಾಳಾಗಿದ್ದು ಗೊತ್ತಾಗೋ ಹೊತ್ತಿಗೆ ಗುಡ್ಡಗಳು ಬೋಳಾಗಿದ್ದವು."

ಮಣ್ಣು ಸಂಸ್ಥೆಯದಲ್ಲ. ಅಲ್ಲಿನ ವಿಶ್ವವಿದ್ಯಾಲಯದಿಂದ ಕರಾರು ಬರೆದುಕೊಟ್ಟು ತಂದದ್ದು. ನಿರ್ದೇಶಕರು ಅಯ್ಯಣ್ಣನವರಿಗೆ ಶುಕ್ರವಾರದವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ಹೆಸರು ಬೇಕು. ಆ ಹೆಸರನ್ನು ಪೊಲೀಸರಿಗೆ ಕೊಡಲಾಗುವುದು.

ಅಂದು ಸೋಮವಾರ.

* * *

ಮಣ್ಣಿನ ಕೊಳವೆಗಳಿದ್ದದ್ದು ತಂಪು ಕೋಣೆಯಲ್ಲಿ. ಅದಕ್ಕೆ ಎರಡು ಕೀಲಿ. ಒಂದು ಹರಿಣಿಯವರ ಬಳಿ, ಇನ್ನೊಂದು ಅಟೆಂಡರ್ ರಾಮ್‌ಫಲ್ ಬಳಿ.

ಅಯ್ಯಣ್ಣ ಮೊದಲು ರಿಜಿಸ್ಟರ್ ತೆರೆದರು. ಸೆಪ್ಟೆಂಬರಿನಿಂದೀಚೆಗೆ ಆ ಕೊಳವೆ ಮೂರು ಸಲ ಹೊರಗೆ ಬಂದಿತ್ತು. ಎರಡು ಸಲ ಹರಿಣಿ ತೆಗೆದು ಅದೇ ಸಂಜೆ ಇಟ್ಟಿದ್ದರು. ಒಂದು ಸಲ ಜೀವಿತಾ. ಪುತ್ತರಿ ಸುಗ್ಗಿ ಹಬ್ಬದ ದಿನ ಬೆಳಿಗ್ಗೆ ತೆಗೆದವಳು ಮರುದಿನ ಬೆಳಿಗ್ಗೆ ಇಟ್ಟಿದ್ದಳು. ಆ ದಿನ ಅಯ್ಯಣ್ಣನವರಿಗೆ ಚೆನ್ನಾಗಿ ನೆನಪಿತ್ತು. ದಿಲ್ಲಿಯಲ್ಲಿರುವ ಕೊಡವರೆಲ್ಲ ಸೇರಿ ಹರಿಯಾಣದ ಯಾರದೋ ಗದ್ದೆಯಿಂದ ಬೇರುಸಮೇತ ತಂದು ಕುಂಡದಲ್ಲಿ ನಿಲ್ಲಿಸಿದ ಭತ್ತದ ಕದಿರು ಕೊಯ್ಯುತ್ತಾರೆ. ಮುಹೂರ್ತ ಯಾರಿಗೂ ಕಾಯುವುದಿಲ್ಲ. ಬಸ್ಸಿನಲ್ಲಿ ಕುಳಿತು ಮಗಳಿಗೆ ಮೂರು ಸಲ ಫೋನ್ ಮಾಡಿದ್ದರು. ಅವಸರದಲ್ಲಿ ಇಡುವುದು ಮರೆತಿರಬೇಕು ಎಂದುಕೊಂಡರು. ಅವರ ಬೆರಳು ಆ ಸಾಲಿನ ಮೇಲೆ ನಿಲ್ಲದೆ ಕೆಳಗೆ ಜಾರಿತು.

ಉಳಿದವನು ರಾಮ್‌ಫಲ್.

ರಾಮ್‌ಫಲ್ ಪಕ್ಕದ ಹಳ್ಳಿಯವನು. ಐವತ್ತು ದಾಟಿದ ವಯಸ್ಸು. ಊರಿನ ಹೊಲಗಳ ಮೇಲೆ ಕಾರ್ಖಾನೆಗಳು ಎದ್ದಾಗ ಅವನ ಹೊಲವೂ ಹೋಗಿ ಎರಡು ಎಕರೆ ಉಳಿದಿತ್ತು. ಹನ್ನೆರಡು ವರ್ಷ ದುಡಿದರೂ ಕೆಲಸ ಕಾಯಂ ಆಗಿರಲಿಲ್ಲ. ಆ ಬಗ್ಗೆ ನಿರ್ದೇಶಕರ ಎದುರಿಗೇ ಒಮ್ಮೆ ದನಿ ಎತ್ತಿ ಮಾತಾಡಿದ್ದ. ಸೇಡು ತೀರಿಸಿಕೊಳ್ಳಲು ಅಷ್ಟು ಸಾಕಲ್ಲವೇ?

ಮಂಗಳವಾರ ಸಂಜೆ, ಎಲ್ಲರೂ ಮನೆಗೆ ಹೊರಡುವ ಹೊತ್ತಿನಲ್ಲಿ, ಅಯ್ಯಣ್ಣ ಅವನನ್ನು ಗೇಟಿನಲ್ಲಿ ನಿಲ್ಲಿಸಿ ಚೀಲ ಬಿಚ್ಚಿಸಿದರು. ಸ್ಟೀಲ್ ಡಬ್ಬಿ, ಮಫ್ಲರ್. ಅದರಡಿಯಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಕವರು. ಕವರಿನೊಳಗೆ ಒದ್ದೆ ಮಣ್ಣು.

ಸುತ್ತ ನಿಂತಿದ್ದವರು ಬಗ್ಗಿ ನೋಡಿದರು. ಅವರಲ್ಲಿ ಅವನ ಊರಿನವರೂ ಇದ್ದರು.

ತನ್ನ ಹೊಲದ್ದು ಎಂದ ರಾಮ್‌ಫಲ್. ಒಂದು ಮೂಲೆಯಲ್ಲಿ ಸಾಸಿವೆ ಏಳುತ್ತಿಲ್ಲ, ಉಪ್ಪು ಕಟ್ಟಿದೆಯೋ ಏನೋ, ಹರಿಣಿ ಮೇಡಂಗೆ ತೋರಿಸೋಣ ಎಂದು ತಂದವನು ಕೇಳಲು ಸಂಕೋಚವಾಗಿ ಹಾಗೇ ಇಟ್ಟುಕೊಂಡಿದ್ದನಂತೆ.

"ಇನ್ನೇನಾದರೂ ಹೇಳೋದಿದೆಯಾ?" ಎಂದು ಅಯ್ಯಣ್ಣ ಗದರಿದರು.

"ನನ್ನನ್ನು ಕೇಳಿ ಏನು ಬಂತು ಸಾಬ್? ರಿಜಿಸ್ಟರ್ ಓದಿ."

ಕೊಬ್ಬು ಎಂದುಕೊಂಡರು ಅಯ್ಯಣ್ಣ. ಅಂದೇ ವರದಿ ಬರೆದರು. ರಾಮ್‌ಫಲ್ ಹೆಸರನ್ನು ದಪ್ಪ ಅಕ್ಷರದಲ್ಲಿ ಟೈಪು ಮಾಡಿಸಿದರು. ಬುಧವಾರ ಬೆಳಿಗ್ಗೆ ಅವನನ್ನು ಕೆಲಸಕ್ಕೆ ಬರಬೇಡವೆಂದು ವಾಪಸು ಕಳಿಸಲಾಯಿತು.

* * *

ಬುಧವಾರ ಮಧ್ಯಾಹ್ನ ಹರಿಣಿಯವರಿಂದ ಕರೆ ಬಂತು. ಕೊಳವೆಗೆ ತುಂಬಿದ್ದ ನಕಲಿ ಮಣ್ಣನ್ನು ಅವರು ಆಮ್ಲದಲ್ಲಿ ತೊಳೆದು ಗಾಜಿನ ಮೇಲೆ ಹರಡಿದ್ದರು. ಎಷ್ಟು ತೊಳೆದರೂ, ಎಷ್ಟು ಕುದಿಸಿದರೂ ಪರಾಗದ ಕವಚ ಕರಗುವುದಿಲ್ಲ. ಮಣ್ಣು ಎಲ್ಲಿಯದೆಂದು ಅದು ಹೇಳುತ್ತದೆ.

"ಸಾಸಿವೆ ಇದೆ," ಎಂದರು ಹರಿಣಿ.

"ಹಾಗಾದರೆ ಮುಗಿಯಿತು. ರಾಮ್‌ಫಲ್ ಹೊಲದ್ದೇ."

"ನಿಲ್ಲಿ. ಈ ಕಿಟಕಿಯ ಧೂಳನ್ನೂ ನೋಡಿದೆ. ಅದರಲ್ಲೂ ಸಾಸಿವೆ ಇದೆ, ಗೋಧಿ ಇದೆ. ಚಳಿಗಾಲದಲ್ಲಿ ದಿಲ್ಲಿ ಸುತ್ತ ಎಲ್ಲಿ ಒರೆಸಿದರೂ ಸಿಗುತ್ತೆ. ಎಲ್ಲದರಲ್ಲೂ ಇರೋದನ್ನ ಮೊದಲು ಬಿಡಬೇಕು. ಇದರಲ್ಲಿ ಮಾತ್ರ ಏನಿದೆ ಅಂತ ನೋಡಬೇಕು."

"ಏನಿದೆ?"

ಅವರು ಕುರ್ಚಿ ಬಿಟ್ಟು ಎದ್ದರು. ಅಯ್ಯಣ್ಣ ಬಗ್ಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಕೆಂಪು ಬಣ್ಣ ಹೀರಿದ ಸಣ್ಣ ಸಣ್ಣ ಕಾಳುಗಳು ಕಂಡವು.

"ಕಾಫಿ ಹೂವಿನದು. ಆ ಪುಟ್ಟದು ಕರಿಮೆಣಸು. ಇವು ಗಾಳಿಯಲ್ಲಿ ದಿಲ್ಲಿಯವರೆಗೆ ಹಾರಿ ಬರುವುದಿಲ್ಲ. ರಾಮ್‌ಫಲ್ ಕವರಿನ ಮಣ್ಣಿನಲ್ಲಿ ಒಂದೂ ಇಲ್ಲ. ಯಾರೋ ತೋಟದ ಮಣ್ಣನ್ನೇ ಹೊತ್ತು ತಂದಿದ್ದಾರೆ."

ಅಯ್ಯಣ್ಣ ಕಣ್ಣು ತೆಗೆಯಲಿಲ್ಲ.  ತಲೆ ಎತ್ತಿದರೆ ಹರಿಣಿಯವರ ಮುಖ ನೋಡಬೇಕಾಗುತ್ತಿತ್ತು.

"ನಮ್ಮ ಕಚೇರಿಯ ಚಂದ್ರಮೋಹನ ಸಕಲೇಶಪುರದವರು ಅಲ್ಲವೇ?" ಎಂದು ಕೇಳಿದರು, ಬಗ್ಗಿಕೊಂಡೇ.

"ಹೌದು," ಎಂದರು ಹರಿಣಿ. ಬೇರೆ ಯಾರ ಹೆಸರನ್ನೂ ಅವರು ಎತ್ತಲಿಲ್ಲ.

* * *

ಗುರುವಾರ ಸಂಜೆ ಅಯ್ಯಣ್ಣ ಮನೆಗೆ ಹೋಗುವ ಬದಲು ಕರೋಲ್ ಬಾಗ್‌ನಲ್ಲಿ ಮೆಟ್ರೊ ಇಳಿದರು. ಬಟ್ಟೆ ಅಂಗಡಿಗಳ ಹಿಂದಿನ ಓಣಿಯಲ್ಲಿ, ಮೂರನೆಯ ಮಹಡಿಯ ಒಂದು ಕೋಣೆಯಲ್ಲಿ ಚಂದ್ರಮೋಹನ ಒಬ್ಬನೇ ಇದ್ದ. ಸಂಸ್ಥೆಯ ಪತ್ರ ವ್ಯವಹಾರವೆಲ್ಲ ಅವನ ಕೈಯಲ್ಲೇ ಆಗುತ್ತಿತ್ತು. ಬಾಯಿ ಸ್ವಲ್ಪ ಜೋರು.

"ಏನು ಸುಬೇದಾರ್ರೇ, ದಾರಿ ತಪ್ಪಿದ್ರಾ? ನನ್ನ ಚೀಲಾನೂ ಬಿಚ್ಚಬೇಕಾ?"

ಅಯ್ಯಣ್ಣ ಸುತ್ತ ನೋಡಿದರು. ಬಾಲ್ಕನಿ ಇರಲಿಲ್ಲ. ಕಿಟಕಿಯ ಮೇಲೆ ಪೇಂಟಿನ ಡಬ್ಬಿಯಲ್ಲಿ ಒಂದು ತುಳಸಿ. ಮಣ್ಣು ಮಾಸಲು ಹಳದಿ, ಬೀದಿಯ ನರ್ಸರಿಯದು. ಊರಿನಿಂದ ಮಣ್ಣು ತರಿಸುವ ಅಭ್ಯಾಸ ಇದೆಯೇ ಎಂದು ಕೇಳಿಯೇ ಬಿಟ್ಟರು.

ಚಂದ್ರಮೋಹನ ನಕ್ಕ. "ಮಣ್ಣಾ? ಕಾಫಿಪುಡಿ ಹೊರೋದೇ ಸಾಕಾಗುತ್ತೆ. ಮಣ್ಣು ಹೊತ್ಕೊಂಡು ಬರೋದೆಲ್ಲ ನಿಮ್ಮೋರೇ ಮಾರಾಯ್ರೆ. ಮಿಲಿಟರಿ ಟ್ರಂಕ್ ಇರುತ್ತಲ್ಲ."

ಚಹಾ ಕುಡಿದು ಮೆಟ್ಟಿಲಿಳಿಯುವಾಗ ಅಯ್ಯಣ್ಣ ಗೋಡೆ ಹಿಡಿದು ನಿಂತರು. ಈ ಕೋಣೆಯಲ್ಲಿ ಒಂದು ಹಿಡಿ ಕಪ್ಪು ಮಣ್ಣು ಸಿಗಲಿ ಎಂದು ಅವರು ಆಸೆಪಟ್ಟಿದ್ದರು. ತಪ್ಪು ಮಾಡದ ಮನುಷ್ಯನೊಬ್ಬ ಸಿಕ್ಕಿಬೀಳಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದರು. ಎರಡು ದಿನದಲ್ಲಿ ಅಂಥವನು ಇವನು ಎರಡನೆಯವನು.

* * *

ರೋಹಿಣಿಯ ಮನೆಯ ಬಾಲ್ಕನಿಯಲ್ಲಿ ಹನ್ನೆರಡು ಕುಂಡಗಳು. ಎಲ್ಲವೂ ಹೆಂಡತಿ ಬೊಳ್ಳಮ್ಮನವು. ದಿಲ್ಲಿಯ ಮಣ್ಣಿಗೆ ಕಸುವಿಲ್ಲ ಎಂಬುದು ಅವರ ನಂಬಿಕೆ. ರಜೆ ಮುಗಿಸಿ ರೆಜಿಮೆಂಟಿಗೆ ಮರಳುವ ಅಣ್ಣ ತಮ್ಮಂದಿರ ಮಕ್ಕಳು ದಿಲ್ಲಿಯಲ್ಲಿ ಇಳಿದಾಗಲೆಲ್ಲ ತೋಟದ ಒಂದು ಚೀಲ ಮಣ್ಣನ್ನು ತಂದುಕೊಡಲೇಬೇಕು. ಆ ಮಣ್ಣಿನಲ್ಲಿ ಕಾಡುಕೊತ್ತಂಬರಿ, ಸೂಜಿಮೆಣಸು, ಮತ್ತು ಚಳಿಗೆ ಹಳೆಯ ಸೀರೆ ಹೊದ್ದು ನಿಂತ ಒಂದು ಮೆಣಸಿನ ಬಳ್ಳಿ.

ಅಯ್ಯಣ್ಣ ಬೂಟು ಬಿಚ್ಚದೆ ಬಾಲ್ಕನಿಗೆ ಹೋದರು. ಮೆಣಸಿನ ಬಳ್ಳಿಯ ದೊಡ್ಡ ಕುಂಡದಲ್ಲಿ ಮಾತ್ರ ಮಣ್ಣು ಹಳದಿಯಾಗಿತ್ತು.

"ಇದರ ಮಣ್ಣು ಏನಾಯಿತು?"

"ಜೀವಿ ಪುತ್ತರಿ ರಾತ್ರಿ ಬಗೆದು ಬೆಳಿಗ್ಗೆ ತಗೊಂಡು ಹೋದಳಲ್ಲ, ಪ್ರಯೋಗಕ್ಕೆ ಅಂತ," ಎಂದರು ಬೊಳ್ಳಮ್ಮ. "ನಾನು ಬೈದೆ. ಆಮೇಲೆ ನರ್ಸರಿ ಭಯ್ಯಾ ಹತ್ತಿರ ಮಣ್ಣು ತಂದು ತುಂಬಿದೆ. ಬಳ್ಳಿಗೆ ಹಿಡಿಸಿಲ್ಲ ನೋಡಿ, ಎಲೆ ಉದುರ್ತಾ ಇದೆ."

ಜೀವಿತಾ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತದ್ದನ್ನು ಕಂಡು ಅವಳಿಗೆ ಎಲ್ಲ ಅರ್ಥವಾಯಿತು.

ಅವಳು ಅಳಲಿಲ್ಲ. ಹಿಂದಿ ಕನ್ನಡ ಬೆರೆಸಿ, ನೆಲ ನೋಡುತ್ತ ಹೇಳಿದಳು. ಅಂದು ಕೊಳವೆಯ ನಡುವಿನ ಹದಿನಾರು ಸೆಂಟಿಮೀಟರನ್ನು ಹದಿನಾರು ಬಿಲ್ಲೆಗಳಾಗಿ ಕೊಯ್ದು ಒಂದು ತಟ್ಟೆಯಲ್ಲಿ ಜೋಡಿಸಿದ್ದಳು. ಪ್ರತಿ ಬಿಲ್ಲೆಯಿಂದ ಒಂದು ಚಿಟಿಕೆ ತೆಗೆದು ಇನ್ನೊಂದು ತಟ್ಟೆಯಲ್ಲಿಟ್ಟಿದ್ದಳು. ಆ ಚಿಟಿಕೆಗಳನ್ನಷ್ಟೇ ಕುಲುಮೆಯಲ್ಲಿ ಸುಡಬೇಕು. ಸುಟ್ಟ ಮೇಲೆ ಎಷ್ಟು ತೂಕ ಇಳಿಯಿತೋ ಅಷ್ಟು ಭಾಗ ಗಿಡಮರದ ಕೊಳೆ ಎಂದು ಲೆಕ್ಕ.

"ತಟ್ಟೆ ಎರಡೂ ಒಂದೇ ಥರ ಪಪ್ಪಾ. ಎರಡಕ್ಕೂ ಮುಚ್ಚಳ ಇತ್ತು. ನಿಮ್ಮ ಮೂರನೇ ಫೋನ್ ಬಂದಾಗ ಯಾವುದನ್ನ ಒಳಗಿಟ್ಟೆ ಅಂತ ನೋಡಲಿಲ್ಲ. ಐನೂರೈವತ್ತು ಡಿಗ್ರಿಗೆ ಹಾಕಿ ಓಡಿ ಬಂದೆ."

"ಯಾವಾಗ ಗೊತ್ತಾಯಿತು?"

"ಟೋಲ್ ದಾಟಿದ ಮೇಲೆ. ನಿಮ್ಮ ಪಕ್ಕದಲ್ಲೇ ಕೂತಿದ್ದೆ."

"ಆಗಲೇ ಹೇಳಬಹುದಿತ್ತಲ್ಲ. ಒಂದು ಫೋನ್ ಮಾಡಿದ್ದರೆ ಕುಲುಮೆ ಆರಿಸುತ್ತಿದ್ದರು."

"ನೀವು ಗಡಿಯಾರ ನೋಡ್ತಾ ಇದ್ರಿ. ಸುಬೇದಾರರ ಮಗಳಿಂದ ಮುಹೂರ್ತ ತಪ್ಪಿತು ಅಂತ ಎಲ್ಲರೂ ಅಂತಾರೆ ಅಂದ್ರಿ. ನಾನು ಸುಮ್ಮನಾದೆ." ಸ್ವಲ್ಪ ತಡೆದು ಸೇರಿಸಿದಳು, "ಮಾರನೇ ದಿನ ಕಪ್ಪು ಮಣ್ಣು ಬೇಕಿತ್ತು. ದಿಲ್ಲೀಲಿ ಎಲ್ಲಿದೆ ಕಪ್ಪು ಮಣ್ಣು? ಮನೇಲಿತ್ತು."

"ದಿನಾ ಪರಾಗ ಎಣಿಸುವವಳು ನೀನು. ಸಿಕ್ಕಿಬೀಳುತ್ತೀಯ ಅಂತ ಗೊತ್ತಿರಲಿಲ್ಲವಾ?"

"ಗೊತ್ತಿತ್ತು. ಯಾರೂ ಅದನ್ನ ಇಷ್ಟು ಬೇಗ ನೋಡಲ್ಲ ಅಂದ್ಕೊಂಡೆ. ಮಾರ್ಚ್‌ಗೆ ನನ್ನ ಕಾಂಟ್ರಾಕ್ಟ್ ಮುಗಿಯುತ್ತಲ್ಲ."

ಅಯ್ಯಣ್ಣ ಕೈಗಂಟಿದ ಮಣ್ಣನ್ನು ನಿಧಾನವಾಗಿ ಉಜ್ಜಿಕೊಂಡರು. "ರಾಮ್‌ಫಲ್‌ಗೆ ಗೊತ್ತಾ?"

"ಕುಲುಮೆಯ ಬೂದಿ ಎಸೆದದ್ದು ಅವರೇ. ಇಷ್ಟೊಂದು ಯಾಕೆ ಬೇಟಿ ಅಂತ ಕೇಳಿದ್ರು. ಚಿಟಿಕೆ ಬೂದಿ ಇರಬೇಕಾದ ಕಡೆ ತಟ್ಟೆ ತುಂಬ ಕೆಂಪು ಬೂದಿ ಇತ್ತು."

"ಅವನ ಚೀಲ ಬಿಚ್ಚಿಸಿದಾಗ ನೀನು ಎಲ್ಲಿದ್ದೆ?"



"ಕಿಟಕಿ ಹತ್ತಿರ."

ಒಳಗೆ ಕುಕ್ಕರ್ ಕೂಗಿತು. ಬೊಳ್ಳಮ್ಮ ಆರಿಸಲು ಹೋಗಲಿಲ್ಲ.

* * *

ಶುಕ್ರವಾರ ಹತ್ತು ಗಂಟೆಗೆ ನಿರ್ದೇಶಕರ ಕೋಣೆಯಲ್ಲಿ ಹರಿಣಿ, ಚಂದ್ರಮೋಹನ, ಜೀವಿತಾ ಕುಳಿತಿದ್ದರು. ಅಯ್ಯಣ್ಣ ನಿಂತೇ ಇದ್ದರು. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ.

ಪರೇಡಿನಲ್ಲಿ ವರದಿ ಒಪ್ಪಿಸುವಂತೆ ಹೇಳಿದರು. ಸಾಸಿವೆ ಎಲ್ಲೆಡೆಯೂ ಇರುವುದರಿಂದ ಅದು ಸಾಕ್ಷಿಯಲ್ಲ. ಕಾಫಿ ಮತ್ತು ಮೆಣಸು ಎರಡೂ ಬೆಳೆಯುವ ನೆಲದ ಮಣ್ಣು ದಿಲ್ಲಿಯಲ್ಲಿ ತಾನು ನೋಡಿದಂತೆ ಒಂದೇ ಬಾಲ್ಕನಿಯಲ್ಲಿದೆ. ಅದು ತನ್ನದು. ಅಲ್ಲಿನ ಒಂದು ಕುಂಡದ ಮಣ್ಣು ಪುತ್ತರಿಯ ರಾತ್ರಿ ಖಾಲಿಯಾಗಿದೆ. ಕೊಳವೆ ಒಂದು ರಾತ್ರಿ ತಂಪು ಕೋಣೆಯ ಹೊರಗೆ ಉಳಿದದ್ದೂ ಅಂದೇ. ಅಸಲು ಮಣ್ಣು ಕುಲುಮೆಯಲ್ಲಿ ಸುಟ್ಟು ಬೂದಿಯಾಗಿದೆ. ಕಳ್ಳತನ ನಡೆದಿಲ್ಲ. ತಪ್ಪು ನಡೆದಿದೆ, ಆಮೇಲೆ ಮೋಸ ನಡೆದಿದೆ. ಮಾಡಿದವಳು ತನ್ನ ಮಗಳು.

"ರಿಜಿಸ್ಟರಿನ ಆ ಸಾಲನ್ನು ನಾನು ಸೋಮವಾರವೇ ನೋಡಿದ್ದೆ," ಎಂದರು. "ಬೇರೆ ಯಾರ ಹೆಸರಿದ್ದರೂ ಕರೆಸಿ ಕೇಳುತ್ತಿದ್ದೆ. ಅದನ್ನು ವರದಿಯಲ್ಲಿ ಬರೆಯಲಿಲ್ಲ. ಈಗ ಬರೆದಿದ್ದೇನೆ."

ಚಂದ್ರಮೋಹನ ಅದನ್ನು ಬರೆದುಕೊಂಡ.

ಹರಿಣಿ ಜೀವಿತಾಳ ಕಡೆ ತಿರುಗಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. "ಕೊಳವೆಯ ಇನ್ನರ್ಧ ಸೀಳು ಐಸ್‌ಲ್ಯಾಂಡಿನವರ ಹತ್ತಿರ ಜೋಪಾನವಾಗಿದೆ. ಅಂದೇ ಹೇಳಿದ್ದರೆ ಒಂದು ಪತ್ರ ಬರೆದು, ತಪ್ಪಾಯಿತು ಅಂದು, ಅದರಿಂದ ಸ್ವಲ್ಪ ತರಿಸುತ್ತಿದ್ದೆ. ಈಗಲೂ ಬರೆಯಬೇಕು. ಆದರೆ ಅದೇ ಪತ್ರದಲ್ಲಿ ಇದನ್ನೂ ಬರೆಯಬೇಕು."

ಜೀವಿತಾಳ ಕೆಲಸ ಅಂದಿಗೇ ಮುಗಿಯಿತು. ಅಯ್ಯಣ್ಣ ಮುಂದಿಟ್ಟ ರಾಜೀನಾಮೆಯನ್ನು ನಿರ್ದೇಶಕರು ಓದಿ ಪಕ್ಕಕ್ಕಿಟ್ಟರು. ರಾಮ್‌ಫಲ್‌ನನ್ನು ಸೋಮವಾರದಿಂದ ಬರಹೇಳಿ, ಒಂದು ಫೋನ್ ಮಾಡಿದರೆ ಸಾಕು ಎಂದರು.

"ಗೇಟಿನಲ್ಲಿ ಚೀಲ ಬಿಚ್ಚಿಸಿದ್ದೇನೆ ಸರ್," ಎಂದರು ಅಯ್ಯಣ್ಣ. "ಫೋನಿನಲ್ಲಿ ಮುಗಿಯುವುದಿಲ್ಲ."

* * *

ಶನಿವಾರ ಮಧ್ಯಾಹ್ನ ಅಪ್ಪ ಮಗಳು ರಾಮ್‌ಫಲ್‌ನ ಹಳ್ಳಿಗೆ ಹೋದರು. ಬಿಸಿಲಿಗೆ ಮಂಚ ಹಾಕಿಕೊಂಡು ನಾಲ್ಕೈದು ಮುದುಕರು ಹುಕ್ಕಾ ಸೇದುತ್ತಿದ್ದರು. ಓಣಿ ಮುಗಿಯುವಲ್ಲಿ ಕಾರ್ಖಾನೆಯೊಂದರ ಕಾಂಪೌಂಡು. ರಾಮ್‌ಫಲ್ ಎಮ್ಮೆಗೆ ಮೇವು ಹಾಕುತ್ತಿದ್ದವನು ಕೈ ಒರೆಸಿಕೊಂಡು ಬಂದ. ರಾಮ್ ರಾಮ್ ಎಂದ. ಕುಳಿತುಕೊಳ್ಳಲು ಹೇಳಲಿಲ್ಲ.

ಚೀಲ ಬಿಚ್ಚಿಸಿದ ಸುದ್ದಿ ಊರಿಗೆ ಮೊದಲೇ ಬಂದಿತ್ತು. ಮುದುಕರಲ್ಲೊಬ್ಬ ಹುಕ್ಕಾ ಕೆಳಗಿಟ್ಟು ಕೇಳಿದ, "ಇವನು ಕದ್ದದ್ದು ಏನು ಸಾಬ್?"

"ಮಣ್ಣು ಅಂತ ಹೇಳಿದ್ದೆವು," ಎಂದರು ಅಯ್ಯಣ್ಣ.

ಮುದುಕ ಓಣಿಯ ಕೊನೆಯ ಕಾಂಪೌಂಡಿನ ಕಡೆ ನೋಡಿದ. "ಊರಿನ ಅಷ್ಟೂ ಮಣ್ಣು ತಗೊಂಡು ಹೋದವರ ಚೀಲ ಯಾರೂ ಬಿಚ್ಚಲಿಲ್ಲ."

 ಅಯ್ಯಣ್ಣ ರಾಮ್‌ಫಲ್ ಕಡೆ ತಿರುಗಿದರು. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನ್ನಿಸಿತು.

"ಹೇಳಿದ್ದರೆ ಬರೆದುಕೊಳ್ಳುತ್ತಿದ್ದಿರಾ ಸಾಬ್?" ಎಂದ ರಾಮ್‌ಫಲ್. "ಬರೆಯುವವರು ನೀವು. ಮಗಳು ನಿಮ್ಮವಳು. ಸುಳ್ಳು ಹೇಳಿದ ಅಂತ ನನ್ನ ಮೇಲೆ ಇನ್ನೊಂದು ಆರೋಪ ಬರೆಯುತ್ತಿದ್ದಿರಿ."

ಅಯ್ಯಣ್ಣ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ಹೇಳಿದರು. ರಾಮ್‌ಫಲ್ ಏನೂ ಕದ್ದಿಲ್ಲ. ಮಣ್ಣು ಸುಟ್ಟವಳು, ಮುಚ್ಚಿಟ್ಟವಳು ನನ್ನ ಮಗಳು. ಸಾಕ್ಷಿ ಕಣ್ಣೆದುರಿಗಿದ್ದರೂ ಅವಳನ್ನು ಬಿಟ್ಟು ಇವನನ್ನು ಹಿಡಿದವನು ನಾನು. ನಾನು ಕ್ಷಮೆ ಕೇಳಲು ಬಂದಿದ್ದೇನೆ.

 ರಾಮ್‌ಫಲ್ ಹಿಂದಕ್ಕೆ ತಿರುಗಿ ಮನೆಯ ಬಾಗಿಲಿನ ಕಡೆ ನೋಡಿದ. ಒಳಗೆ ಕತ್ತಲಲ್ಲಿ ಸೆರಗು ಎಳೆದುಕೊಂಡ ಅವನ ಹೆಂಡತಿ ನಿಂತಿದ್ದಳು. ನಾಲ್ಕು ದಿನದಿಂದ ಅವಳು ನೀರಿಗೂ ಹೊರಗೆ ಬಂದಿಲ್ಲ ಎಂದ.

"ಅವಳಿಗೆ ಅಲ್ಲಿಗೆ ಕೇಳಿಸಿರಲಿಕ್ಕಿಲ್ಲ. ಇನ್ನೊಂದು ಸಲ ಹೇಳಬೇಕು."

ಅಯ್ಯಣ್ಣ ಒಂದು ಹೆಜ್ಜೆ ಮುಂದಿಟ್ಟರು. ಜೀವಿತಾ ಅವರ ತೋಳು ಹಿಡಿದು ನಿಲ್ಲಿಸಿದಳು. ಚಪ್ಪಲಿ ಬಿಟ್ಟಳು. ಮುದುಕರ ಮಂಚಗಳ ನಡುವೆ ಹಾದು ಹೊಸ್ತಿಲವರೆಗೆ ಹೋಗಿ, ಮೊದಲಿನಿಂದ ಹೇಳತೊಡಗಿದಳು.